ಮೊದಲ ತುತ್ತು ಸೋಮಿಗೆ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ದಿನಾ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದವಳು ಸೋಮಿ. ಸೋಮಿ ನಮ್ಮ ಹಸು. ನನ್ನ ಅಜ್ಜಿ, ಅಂದರೆ ಅಪ್ಪಾಜಿಯ ತಾಯಿ, ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಒಲೆಯಿಂದ ಇಳಿದ ಅನ್ನದಲ್ಲಿ ಮೇಲಿನ ಒಂದು ಮುಷ್ಟಿ ತೆಗೆದು, ಬೆಲ್ಲ ತುಪ್ಪ ಹಾಕಿ ಕಲಸಿ, ಬಾಳೆಲೆಯ ತುಂಡಿನ ಮೇಲಿಟ್ಟುಕೊಂಡು ಹಿತ್ತಲಿಗೆ ನಡೆಯುತ್ತಿದ್ದರು. ಸೋಮಿ ನಾಲಿಗೆ ಚಾಚಿ ಎಲೆ ಸಮೇತ ಅದನ್ನು ಎಳೆದುಕೊಂಡ ಮೇಲೇ ಅಜ್ಜಿ ಬಂದು ಮಣೆಯ ಮೇಲೆ ಕೂರುವುದು. ಅವರಿಗೆ ಇದನ್ನು ಹೇಳಿಕೊಟ್ಟವರು ಅವರ ಅತ್ತೆ. ಮದುವೆಯಾಗಿ ಈ ಮನೆಗೆ ಬಂದ ಮರುದಿನದಿಂದ ಒಂದು ದಿನವೂ ತಪ್ಪಿಸಿರಲಿಲ್ಲವಂತೆ. ಕೊಟ್ಟಿಗೆಯಲ್ಲಿ ಹಸುಗಳು ಬದಲಾಗಿದ್ದವು, ಸೌದೆ ಒಲೆ ಹೋಗಿ ಸೀಮೆಎಣ್ಣೆ ಸ್ಟೌ ಬಂದಿತ್ತು, ಅಜ್ಜಿಯ ಹಲ್ಲುಗಳು ಒಂದೊಂದಾಗಿ ಉದುರಿದ್ದವು. ಆ ತುತ್ತು ಮಾತ್ರ ನಿಂತಿರಲಿಲ್ಲ. ಸೋಮಿ ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ, ಅದಕ್ಕೇ ಆ ಹೆಸರು. ಶಿವನ ವಾರದಲ್ಲಿ ಬಂದವಳು ಅಂತ ಅಜ್ಜಿಗೆ ಅವಳ ಮೇಲೆ ಒಂದು ಹಿಡಿ ಹೆಚ್ಚೇ ಪ್ರೀತಿ.

ಮನೆ ಉದ್ದಕ್ಕೆ ಇತ್ತು. ಬೀದಿಯ ಕಡೆ ಜಗಲಿ, ಅದರ ಹಿಂದೆ ಪಡಸಾಲೆ, ನಡುಮನೆಯಲ್ಲಿ ಪೂಜೆಯ ಗೂಡು, ಆಮೇಲೆ ಹಗಲಲ್ಲೂ ದೀಪ ಬೇಕಾಗುವ ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಹಿತ್ತಲ ಗೋಡೆಗೆ ಒರಗಿಕೊಂಡಂತೆ ಹೆಂಚಿನ ಮಾಡಿನ ಕೊಟ್ಟಿಗೆ. ಅದಕ್ಕೊಂದು ಬಾಗಿಲು ಹಿಂದಿನ ಗಲ್ಲಿಗೆ. ಮಾವಳ್ಳಿಯ ಕಡೆಯಿಂದ ಹುಲ್ಲು ಹೊತ್ತು ತರುವ ಹೆಂಗಸು ಆ ಬಾಗಿಲಿನಿಂದಲೇ ಬರುತ್ತಿದ್ದಳು. ಬೀದಿ ಬಾಗಿಲಲ್ಲಿ ಊದುಬತ್ತಿಯ ವಾಸನೆ, ಹಿತ್ತಲ ಬಾಗಿಲಲ್ಲಿ ಸಗಣಿಯ ವಾಸನೆ, ನಡುವೆ ಒಗ್ಗರಣೆ. ಕಣ್ಣು ಮುಚ್ಚಿಕೊಂಡು ನಡೆದರೂ ಯಾವ ಕೋಣೆಯಲ್ಲಿದ್ದೇನೆ ಅಂತ ಹೇಳಬಹುದಿತ್ತು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಇದೆ, ಕೊಟ್ಟಿಗೆಯ ಜಾಗದಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಆ ಕಡೆ ಹೋದಾಗ ನೋಡಿ ಬರುತ್ತೇನೆ, ಬೇಜಾರೇನೂ ಇಲ್ಲ. ಅಪ್ಪಾಜಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ಇತ್ತು. ಹಾಗಾಗಿ ಮನೆಯಲ್ಲಿ ಗೋಣಿಚೀಲಕ್ಕೆ ಬರವಿರಲಿಲ್ಲ. ಕಾಲೊರೆಸುವುದಕ್ಕೆ ಗೋಣಿ, ಸೋಮಿಯ ಕೆಳಗೆ ಗೋಣಿ, ಮಳೆ ಬಂದರೆ ನಮ್ಮ ತಲೆಯ ಮೇಲೂ ಗೋಣಿ. ಮಂಡಿಯಿಂದ ಬರುವ ಹೊಟ್ಟು, ಹಿಂಡಿ ತಿಂದು ಸೋಮಿ ಮೈ ತುಂಬಿಕೊಂಡಿದ್ದಳು. ಕಾಳಿನ ಮನೆಯವರು ಹಸುವಿಗೆ ಹೊಟ್ಟೆ ತುಂಬ ಹಾಕದಿದ್ದರೆ ಆ ಕಾಳು ದಕ್ಕುವುದಿಲ್ಲ ಅನ್ನುವುದು ಅಜ್ಜಿಯ ನಂಬಿಕೆ.

ಅಮ್ಮ ಕೊಟ್ಟಿಗೆಗೆ ಹೋಗುತ್ತಿರಲಿಲ್ಲ. ಅವಳ ತವರು ವಿಶ್ವೇಶ್ವರಪುರಂ, ಅವರ ಮನೆಯಲ್ಲಿ ಹಾಲು ಬರುತ್ತಿದ್ದುದು ಬಾಟಲಿಯಲ್ಲಿ. ಕೊಂಬು ಇರುವ ಪ್ರಾಣಿಯ ಹತ್ತಿರ ಹೋಗಲು ಅವಳಿಗೆ ಭಯ. ಕಲಗಚ್ಚಿನ ಬಕೆಟ್ಟನ್ನು ಹಿತ್ತಲ ಮೆಟ್ಟಿಲಲ್ಲಿ ಇಟ್ಟು, ಸೆರಗು ಬಿಗಿದುಕೊಂಡು ಒಳಗೆ ಓಡಿಬಿಡುತ್ತಿದ್ದಳು. ಅಜ್ಜಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

“ನಮ್ ಸೊಸೆ ಶಾಂತ, ಹಸು ಕಂಡ್ರೆ ಹುಲಿ ಕಂಡಂಗೆ ಆಡ್ತಾಳೆ. ಹಾಲು ಮಾತ್ರ ಗಟ್ಟಿಯಾಗಿರ್ಬೇಕು ಅವ್ಳಿಗೆ.”

ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ.

ನನಗಾಗ ಎಂಟೋ ಒಂಬತ್ತೋ ವರ್ಷ. ಅದು ಕಾರ್ತೀಕದ ಕಡೆಯ ಸೋಮವಾರ. ನಮ್ಮ ಬೀದಿಯಲ್ಲಿ ಹೆಚ್ಚಿನವು ಶಿವಭಕ್ತರ ಮನೆಗಳು. ಅವತ್ತು ದೊಡ್ಡವರೆಲ್ಲ ಹಗಲು ಉಪವಾಸವಿದ್ದು, ಸಂಜೆ ಪೂಜೆ ಮಾಡಿ ಉಣ್ಣುತ್ತಿದ್ದರು. ಉಣ್ಣುವ ಮುಂಚೆ ಹಸುವಿಗೆ ಒಂದು ತುತ್ತು ಕೊಡಬೇಕು. ಬೀದಿಯಲ್ಲಿ ಹಸು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆ, ನಡುಮನೆ ದಾಟಿ ಹಿತ್ತಲವರೆಗೂ ಹೆಂಗಸರ ಸಾಲು ನಿಂತಿತು. ಒಬ್ಬರ ಕೈಯಲ್ಲಿ ಸಿಹಿ ಹುಗ್ಗಿ, ಒಬ್ಬರ ಕೈಯಲ್ಲಿ ತುಪ್ಪದನ್ನ, ಹೋಳಿಗೆ, ಬಸವನಗುಡಿಯ ಪರಿಷೆಗೆ ಹೋಗಿ ಬಂದವರ ಮಡಿಲಲ್ಲಿ ಕಡಲೆಕಾಯಿ ಬೆಲ್ಲ. ಬಂದವರೆಲ್ಲ ಸೋಮಿಯ ಪಾದ ಮುಟ್ಟಿ, ಬಾಲ ಕಣ್ಣಿಗೊತ್ತಿಕೊಂಡು, ತುತ್ತು ಕೊಟ್ಟು ಹೋದರು. ಪಕ್ಕದ ಮನೆಯ ರುದ್ರಮ್ಮನವರಂತೂ ದೊಡ್ಡ ಡಬರಿಯಲ್ಲೇ ತಂದಿದ್ದರು. ಮೊಮ್ಮಗನ ಹರಕೆಯಂತೆ. ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಬಂದವರಿಗೆಲ್ಲ ವಿಭೂತಿ ಕೊಡುತ್ತ, “ಒಂದ್ ತುತ್ತು ತಾನೆ, ಕೊಡಿ ಕೊಡಿ” ಅನ್ನುತ್ತಿದ್ದರು. ಸೋಮಿ ಯಾರಿಗೂ ಬೇಡ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಅಜ್ಜಿ ತಮ್ಮ ಪಾಲಿನದನ್ನೂ ಕೊಟ್ಟರು. ನಮ್ಮ ಮನೆಯಲ್ಲೂ ಎಲ್ಲರೂ ಉಂಡರು. ಒಳ್ಳೆಯ ಕಾರ್ತೀಕ ಅಂತ ಅಜ್ಜಿ ತೃಪ್ತಿಯಾಗಿ ಮಲಗಿದರು.

ಮಂಗಳವಾರ ಬೆಳಗ್ಗೆ ಸೋಮಿ ಎದ್ದಿರಲಿಲ್ಲ. ಎಡಗಡೆಯ ಹೊಟ್ಟೆ ಡೋಲಿನಂತೆ ಉಬ್ಬಿತ್ತು. ಹಲ್ಲು ಕಡಿಯುವ ಸದ್ದು ನಡುಮನೆಗೆ ಕೇಳುತ್ತಿತ್ತು. ನೀರಿನಂಥ ಸಗಣಿ, ಹುಳಿ ವಾಸನೆ. ಅಜ್ಜಿ ಪೂಜೆ ಮುಗಿಸಿ ಬಾಳೆಲೆಯ ಮೇಲೆ ಅನ್ನ ತಂದು ಮುಂದೆ ಹಿಡಿದರೆ ಸೋಮಿ ಮೂತಿ ಆ ಕಡೆ ತಿರುಗಿಸಿದಳು. ಅಜ್ಜಿ ಆ ಕಡೆ ಹೋಗಿ ಹಿಡಿದರು. ಅವಳು ಈ ಕಡೆ ತಿರುಗಿಸಿದಳು. ಅಜ್ಜಿ ಅನ್ನವನ್ನು ಹಾಗೇ ವಾಪಸು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ನಂಗೆ ಎಲೆ ಹಾಕ್ಬೇಡ ಶಾಂತ” ಅಂದು ಪೂಜೆಯ ಗೂಡಿನ ಮುಂದೆ ಕೂತುಬಿಟ್ಟರು. ಅಪ್ಪಾಜಿ ಮಂಡಿಗೆ ಹೊರಟಿದ್ದವರು ಟೋಪಿ ತೆಗೆದಿಟ್ಟು ದನದ ಡಾಕ್ಟರನ್ನು ಕರೆತರಲು ಹೋದರು.

ಡಾಕ್ಟರು ಸಣಕಲು ಆಸಾಮಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡೇ ಒಳಗೆ ಬಂದರು. ಸೋಮಿಯ ಎಡ ಪಕ್ಕೆಯ ಕುಳಿಯಲ್ಲಿ ಮುಷ್ಟಿ ಒತ್ತಿ ಸುಮ್ಮನೆ ನಿಂತರು. ಕಿವಿ ಹಿಡಿದು ನೋಡಿದರು. ಥರ್ಮಾಮೀಟರಿಗೆ ಕಟ್ಟಿದ್ದ ದಾರವನ್ನು ಬಾಲಕ್ಕೆ ಗಂಟು ಹಾಕಿ ಜ್ವರ ನೋಡಿದರು. ನನಗೆ ಆ ದಾರ ಬಹಳ ಹಿಡಿಸಿತು. ಎಲ್ಲ ಆದ ಮೇಲೆ ಅಜ್ಜಿಯ ಕಡೆ ತಿರುಗಿದರು.

“ನಿನ್ನೆ ಏನ್ ತಿಂದಿದೆ ಇದು?”

“ಪ್ರಸಾದ,” ಅಂದರು ಅಜ್ಜಿ.

“ಎಷ್ಟು?”

“ಎಲ್ಲರದೂ ಒಂದೊಂದೇ ತುತ್ತು.”

“ಎಲ್ಲರದೂ ಅಂದ್ರೆ?”

“ಬೀದಿಯೋರದ್ದು.”

ಡಾಕ್ಟರು ಹಣೆ ಉಜ್ಜಿಕೊಂಡರು. ಇದರ ಹೊಟ್ಟೆ ಹುಲ್ಲು ಅರೆಯೋಕೆ ಇರೋದು, ಅನ್ನ ಬೆಲ್ಲ ರಾಶಿ ಬಿದ್ದರೆ ಒಳಗೆ ಹುಳಿ ಬಂದು ಕೆಲಸವೇ ನಿಂತುಹೋಗುತ್ತದೆ, ಆ ಹುಳಿ ರಕ್ತಕ್ಕೆ ಏರಿದರೆ ಪ್ರಾಣವೇ ಹೋಗುತ್ತದೆ ಅಂತ ಹೇಳಿದರು. ಅಜ್ಜಿ ಒಪ್ಪಲಿಲ್ಲ.

“ಪ್ರಸಾದದಿಂದ ಯಾರಿಗಾದ್ರೂ ಕಾಯಿಲೆ ಬರತ್ತೇನ್ರೀ ಡಾಕ್ಟ್ರೇ? ದೇವರಿಗೆ ಇಟ್ಟಿದ್ದನ್ನೇ ಇದಕ್ಕೂ ಕೊಟ್ಟಿರೋದು.”

“ಅಜ್ಜಿ, ದೇವರು ನೀವಿಟ್ಟಿದ್ದನ್ನ ನೋಡ್ತಾನೆ, ತಿನ್ನಲ್ಲ. ಅದಕ್ಕೇ ಅವನ ಹೊಟ್ಟೆ ಕೆಟ್ಟಿಲ್ಲ. ಇದು ತಿನ್ನತ್ತೆ.”

ಅಪ್ಪಾಜಿಗೆ ನಗು ಬಂದು ಕೆಮ್ಮಿದರು. ಅಜ್ಜಿ ನಗಲಿಲ್ಲ. ಡಾಕ್ಟರು ಸೂಜಿ ಹಾಕಿದರು, ಅಡುಗೆ ಸೋಡ ಕಲಸಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಕುಡಿಸಿದರು. ಇನ್ನು ತಾವು ಹೇಳುವವರೆಗೆ ಒಂದು ಕಾಳಾಗಲಿ ಒಂದು ಅಗುಳು ಅನ್ನವಾಗಲಿ ಅದರ ಬಾಯಿಗೆ ಹೋಗಕೂಡದು, ನೀರು ಎಷ್ಟು ಬೇಕಾದರೂ ಕುಡಿಯಲಿ, ಪಕ್ಕದಲ್ಲಿ ಒಣ ರಾಗಿ ಹುಲ್ಲಿರಲಿ, ತಾನಾಗಿ ಬಾಯಿ ಹಾಕಿದರೆ ಹಾಕಲಿ ಅಂದರು. ಮೆಲುಕು ಹಾಕಲು ಶುರು ಮಾಡಿದರೆ ಉಳಿಯಿತು ಅಂತ ಲೆಕ್ಕ. ಸುತ್ತ ನೋಡಿ, ಹತ್ತಿರ ನಿಂತಿದ್ದವರ ಕೈಗೆ ಗೊಟ್ಟ ಕೊಟ್ಟರು. ನಿಂತಿದ್ದವಳು ಅಮ್ಮ. ಬಿಸಿನೀರು ತಂದಿಟ್ಟು ಓಡಿಹೋಗುವ ಮುಂಚೆ ಸಿಕ್ಕಿಬಿದ್ದಿದ್ದಳು.

“ನೀವು ನೋಡ್ಕೊಳ್ತೀರಲ್ಲಮ್ಮ?”

ಅಮ್ಮ ಗೊಟ್ಟವನ್ನು ನೋಡಿದಳು, ಸೋಮಿಯ ಕೊಂಬು ನೋಡಿದಳು. “ಹೇಳ್ಕೊಡಿ,” ಅಂದಳು.

ಅವರು ಹೇಳಿಕೊಟ್ಟದ್ದು ದೊಡ್ಡ ವಿದ್ಯೆಯೇನಲ್ಲ, ಆದರೆ ಒಂದೊಂದಕ್ಕೂ ಕಾರಣ ಇತ್ತು. ಹಸು ಪೂರ್ತಿ ಪಕ್ಕಕ್ಕೆ ಉರುಳಬಾರದು, ಉರುಳಿದರೆ ಹೊಟ್ಟೆಯ ಗಾಳಿ ಹೊರಗೆ ಬರಲು ದಾರಿ ಸಿಗದೆ ಉಬ್ಬರಿಸಿ ಸಾಯುತ್ತದೆ. ಎದೆಯ ಮೇಲೆ ನೆಟ್ಟಗೆ ಕೂತಿರುವಂತೆ ಎರಡೂ ಕಡೆ ಗೋಣಿಯಲ್ಲಿ ಹೊಟ್ಟು ತುಂಬಿ ಒತ್ತು ಕೊಡಬೇಕು. ಒಂದೇ ತೊಡೆಯ ಮೇಲೆ ಬಹಳ ಹೊತ್ತು ಕೂತರೆ ಕಾಲು ಮರಗಟ್ಟುತ್ತದೆ, ಆಗಾಗ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೊರಳಿಸಬೇಕು. ಔಷಧಿ ಕುಡಿಸುವಾಗ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಬಾರದು. ತುಟಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಬೇಕು, ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಶ್ವಾಸಕ್ಕೆ ಹೋಗುತ್ತದೆ. ಕೆಳಗೆ ಒದ್ದೆಯಿರಬಾರದು. ಕೆಚ್ಚಲಿಗೆ ಸಗಣಿ ಮೆತ್ತಿರಬಾರದು. ಹಾಲನ್ನು ಕರೆದು ಚೆಲ್ಲಬೇಕು, ಔಷಧಿ ಇರುತ್ತದೆ, ಯಾರೂ ಕುಡಿಯಕೂಡದು. ಕಿವಿ ತಣ್ಣಗಾದರೆ, ಮೂಗು ಒಣಗಿದರೆ ತಮಗೆ ಹೇಳಿ ಕಳಿಸಬೇಕು. ಕಿವಿ ಮೂಗಿನ ಕೆಲಸ ನನ್ನದು ಅಂತ ಅಮ್ಮ ಅಲ್ಲೇ ನನಗೆ ಒಪ್ಪಿಸಿದಳು.

ಇವೆಲ್ಲ ನನ್ನ ಮೈಯಲ್ಲೇ ಉಳಿದುಬಿಟ್ಟವು. ಎಷ್ಟೋ ವರ್ಷಗಳ ನಂತರ, ಬಸವನಗುಡಿಯಲ್ಲಿ ನನ್ನ ಮಾವನವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ನಾನು ಅವರನ್ನು ಮಗ್ಗುಲು ಹೊರಳಿಸಿ, ಬೆನ್ನಿಗೆ ದಿಂಬು ಒತ್ತಿ, ತುಟಿಯ ಪಕ್ಕದಿಂದ ಚಮಚೆಯಲ್ಲಿ ನೀರು ಬಿಡುವುದನ್ನು ನೋಡಿ ಮನೆಗೆ ಬಂದ ನರ್ಸು, “ಆಂಟಿ, ಎಲ್ಲಿ ಟ್ರೈನಿಂಗ್ ಆಯ್ತು ನಿಮ್ಗೆ?” ಅಂದಳು. ದನದ ಕೊಟ್ಟಿಗೆಯಲ್ಲಿ ಅಂತ ಹೇಳಿದರೆ ಮಾವನವರು ಬೇಜಾರು ಮಾಡಿಕೊಂಡಾರು ಅಂತ ಸುಮ್ಮನಾದೆ. ಅವರ ಬೆನ್ನಲ್ಲಿ ಕೊನೆಯವರೆಗೂ ಒಂದು ಹುಣ್ಣೂ ಆಗಲಿಲ್ಲ. ನಾನು ದಿನಾ ಸಂಜೆ ದೀಪ ಹಚ್ಚಿ ಶಿವನಿಗೆ ಕೃತಜ್ಞತೆ ಹೇಳುವ ಸಣ್ಣ ಸಣ್ಣ ಸಂಗತಿಗಳಲ್ಲಿ ಅದೂ ಒಂದು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅಮ್ಮ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು ಸೋಮಿಯ ಕತ್ತಿಗೆ ಕೈಹಾಕಿ ಕೂತಿದ್ದಳು. ಮೊದಲ ಸಲ ಗೊಟ್ಟ ಹಿಡಿದಾಗ ಅರ್ಧ ಅವಳ ಮೇಲೇ ಚೆಲ್ಲಿತು. ಸೋಮಿ ತಲೆ ಒದರಿದಳು, ಅಮ್ಮ ಕಿರುಚಿಕೊಂಡಳು, ನಾನು ನಕ್ಕೆ. “ನಗ್ಬೇಡ, ಕಿವಿ ಹಿಡ್ಕೊ,” ಅಂದಳು. ಎರಡನೆಯ ಸಲ ಚೆಲ್ಲಲಿಲ್ಲ. ಹೊರಳಿಸುವುದಕ್ಕೆ ಅಪ್ಪಾಜಿ ಬೇಕು, ಮಂಡಿಯಿಂದ ಮಧ್ಯೆ ಮಧ್ಯೆ ಬಂದು ಭುಜ ಕೊಟ್ಟು ಹೋಗುತ್ತಿದ್ದರು. ನಡುವೆ ಅಮ್ಮ ಕೈಕಾಲು ತೊಳೆದು ನಮಗೆ ಅಡುಗೆ ಮಾಡಿ ಬಡಿಸಿದಳು, ಮತ್ತೆ ಕೊಟ್ಟಿಗೆಗೆ ಹೋದಳು. ಅಜ್ಜಿ ಪೂಜೆಯ ಗೂಡಿನ ಮುಂದಿನಿಂದ ಎದ್ದಿರಲಿಲ್ಲ. ತೀರ್ಥ ಮತ್ತು ನೀರು ಬಿಟ್ಟರೆ ಏನೂ ಇಲ್ಲ. ಅಪ್ಪಾಜಿ ಮುಂದೆ ಕೂತು ಬೇಡಿಕೊಂಡರು.

“ಅವ್ವಾ, ಒಂದ್ ಲೋಟ ಹಾಲಾದ್ರೂ ಕುಡಿ. ಹೊರಗಡೆಯಿಂದ ತರಿಸ್ತೀನಿ.”

“ಅದು ತಿನ್ಲಿ, ನಾನು ತಿಂತೀನಿ.”

“ಮಠದ ಅಯ್ಯನೋರನ್ನ ಕರೆಸ್ಲಾ? ಅವ್ರು ಪರವಾಗಿಲ್ಲ ಅಂದ್ರೆ?”

“ಅಯ್ಯನೋರು ಕೊಟ್ಟ ನೇಮ ಆಗಿದ್ರೆ ಅಯ್ಯನೋರು ಬಿಡಿಸ್ಬೋದು. ಇದು ನಮ್ಮತ್ತೆ ಕೊಟ್ಟಿದ್ದು. ಹೋಗಿ ಅವ್ರನ್ನ ಕೇಳ್ಕೊಂಡ್ ಬಾ.”

ಅಜ್ಜಿಯ ಅತ್ತೆ ಶಿವನ ಪಾದ ಸೇರಿ ಎಷ್ಟೋ ಕಾಲವಾಗಿತ್ತು. ಅಪ್ಪಾಜಿ ಎದ್ದು ಹೋದರು. ಸುದ್ದಿ ತಿಳಿದು ರುದ್ರಮ್ಮನವರು ಬಂದರು. ತಮ್ಮ ಡಬರಿಯ ಯೋಚನೆ ಅವರನ್ನು ಬಾಧಿಸುತ್ತಿತ್ತು ಅಂತ ಕಾಣುತ್ತದೆ, ಒಂದು ಉಪಾಯ ತಂದಿದ್ದರು.

“ಹಿಂದಿನ್ ರೋಡಲ್ಲಿ ಗೌಳಿಗರ ಹಸು ಐತಲ್ಲ, ಅದಕ್ಕೆ ಒಂದ್ ತುತ್ತು ಕೊಟ್ಟು ನೀವು ಊಟ ಮಾಡ್ಬಿಡಿ. ಹಸು ಹಸುವೇ ಅಲ್ವಾ?”

ಅಜ್ಜಿ ಅವರನ್ನೇ ನೋಡಿದರು. “ನಿನ್ನ ಮೊಮ್ಮಗ ಹಸ್ಕೊಂಡು ಮಲಗಿರುವಾಗ ಪಕ್ಕದ್ಮನೆ ಮಗೂಗೆ ಉಣ್ಸಿ ನೀನು ಉಂಡ್ಬಿಡ್ತೀಯಾ ರುದ್ರಮ್ಮ? ಮಗು ಮಗುವೇ ಅಲ್ವಾ?”

ರುದ್ರಮ್ಮನವರು ತಮ್ಮ ಮನೆಯ ಹಳೆಯ ಕಂಬಳಿಯೊಂದನ್ನು ತಂದು ಸೋಮಿಯ ಬೆನ್ನಿಗೆ ಹೊದಿಸಿ ಹೋದರು.

ಬುಧವಾರ ಡಾಕ್ಟರು ಮತ್ತೆ ಬಂದರು. ಉಬ್ಬರ ಸ್ವಲ್ಪ ಇಳಿದಿತ್ತು, ಆದರೆ ಪಕ್ಕೆಯ ಕುಳಿಯಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ಒಳ್ಳೆಯ ಹಸುವಿನ ಹೊಟ್ಟೆ ಒಳಗೇ ಹೊರಳುತ್ತ ಇರುತ್ತದಂತೆ, ಮುಷ್ಟಿಯನ್ನು ಎತ್ತಿ ಎತ್ತಿ ಇಳಿಸುತ್ತದಂತೆ. ಇವಳದು ಹಿಟ್ಟಿನ ಮುದ್ದೆಯಂತೆ ಸುಮ್ಮನಿತ್ತು. ಒತ್ತಿದರೆ ಬೆರಳಿನ ಗುರುತು ಉಳಿಯುತ್ತಿತ್ತು. “ಇನ್ನೂ ಏನೂ ಹೇಳಕ್ಕಾಗಲ್ಲ,” ಅಂದರು. ಕೊಟ್ಟಿಗೆಯ ನೆಲ ನೋಡಿ, ಒಣಗಿದ ಹುಲ್ಲು ನೋಡಿ, “ಆದ್ರೆ ಇಷ್ಟು ಚೊಕ್ಕಟವಾಗಿ ನೋಡ್ಕೊಂಡಿದೀರಲ್ಲ, ಅದೇ ಅರ್ಧ ಔಷಧಿ,” ಅಂತ ಅಮ್ಮನಿಗೆ ಹೇಳಿದರು. ಹೊರಡುವಾಗ ನಡುಮನೆಯಲ್ಲಿ ಅಜ್ಜಿಯ ಮುಂದೆ ನಿಂತರು.

“ನಾನು ದನದ ಡಾಕ್ಟ್ರು ಅಜ್ಜಿ, ನಿಮ್ಗೆ ಔಷಧಿ ಬರೆಯೋ ಹಾಗಿಲ್ಲ. ದಯವಿಟ್ಟು ಊಟ ಮಾಡಿ.”

“ಅದನ್ನ ನೋಡ್ಕೊಳಿ, ಸಾಕು,” ಅಂದರು ಅಜ್ಜಿ. ಮಾತು ಬಾಯಿಂದ ಬರುವುದೇ ಕಷ್ಟವಾಗಿತ್ತು. ಅವತ್ತು ಮಧ್ಯಾಹ್ನ ಬಚ್ಚಲಿಗೆ ಹೋಗುತ್ತ ಅವರಿಗೆ ತಲೆ ತಿರುಗಿತು. ಗೋಡೆ ಹಿಡಿದು ಹಾಗೇ ಜಾರಿ ಕೂತರು. ಬೀಳಲಿಲ್ಲ, ಅದೊಂದು ಶಿವನ ದಯೆ. ಅವರನ್ನು ಚಾಪೆಯ ಮೇಲೆ ಮಲಗಿಸಿದ ಮೇಲೆ ಅಪ್ಪಾಜಿ ಅಡುಗೆಮನೆಗೆ ಬಂದರು. ಅವರ ಮುಖ ಅಷ್ಟು ಸಣ್ಣಗಾಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

“ಶಾಂತ, ಅದಕ್ಕೆ ಒಂದೇ ಒಂದು ತುತ್ತು ಕೊಟ್ಬಿಡು. ಬಾಯೊಳಗೆ ತುರುಕ್ಬಿಡು. ಅವ್ವ ನೋಡ್ಲಿ. ಒಂದ್ ತುತ್ತಿಂದ ಏನಾಗತ್ತೆ?”

“ಬೀದಿಯೋರೆಲ್ಲ ಅಂದಿದ್ದೂ ಅದೇ.”

“ಹಸು ಹೋದ್ರೆ ಇನ್ನೊಂದು ತರ್ಬೋದು ಕಣೆ. ಅವ್ವನ್ನ ಎಲ್ಲಿಂದ ತರ್ಲಿ?”

“ನಿಮ್ಮವ್ವನಿಗೋಸ್ಕರ ಕೊಟ್ಟ ತುತ್ತಿಂದ ಹಸು ಹೋದ್ರೆ, ಆಮೇಲೆ ಅವ್ರು ಊಟ ಮಾಡ್ತಾರೆ ಅಂದ್ಕೊಂಡಿದೀರಾ?”

ಅಪ್ಪಾಜಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಸೋಮಿಯನ್ನು ಹೊರಳಿಸಲು ಹೋದರು. ಅವತ್ತು ಮಂಡಿಗೆ ವಾಪಸು ಹೋಗಲಿಲ್ಲ.

ಸಂಜೆಯ ಹೊತ್ತಿಗೆ, ಅಪ್ಪಾಜಿ ಹುಲ್ಲು ತರಲು ಹೊರಗೆ ಹೋಗಿದ್ದಾಗ, ಅಜ್ಜಿ ಚಾಪೆಯಿಂದ ಎದ್ದರು. ನಾನು ಸೋಮಿಯ ಕಿವಿ ಹಿಡಿದುಕೊಂಡು ಕೂತಿದ್ದೆ. ಅಜ್ಜಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಹಿತ್ತಲಿಗೆ ಬಂದರು, ಕೈಯಲ್ಲಿ ಬಾಳೆಲೆ, ಅದರ ಮೇಲೆ ಬೆಲ್ಲದ ಅನ್ನ. ಅಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ಜರುಗು.”

“ಬೇಡಿ ಅತ್ತೆ.”

“ನನ್ನ ಕೊಟ್ಟಿಗೇಲಿ ನಂಗೇ ಬೇಡ ಅಂತೀಯಾ? ನಿನ್ನೆ ಮೊನ್ನೆವರೆಗೂ ಇದರ ಮುಂದೆ ನಿಲ್ಲಕ್ಕೆ ಹೆದರ್ತಿದ್ದೆ ನೀನು.”

“ಈಗ್ಲೂ ಹೆದರ್ತೀನಿ.”

“ಶಿವನಿಗೆ ಇಟ್ಟು ತಂದಿದೀನಿ. ಇದು ತಿಂದ್ರೆ ಎದ್ದು ನಿಲ್ಲತ್ತೆ.”

“ಡಾಕ್ಟ್ರು ಬೇಡ ಅಂದಿದಾರೆ. ನಂಗೆ ನೀವೂ ಬೇಕು, ಇದೂ ಬೇಕು. ನಾನೇನ್ ಮಾಡ್ಲಿ ಹೇಳಿ.”

ಅಮ್ಮನ ಧ್ವನಿ ಏರಲಿಲ್ಲ. ಸೀರೆಯ ತುಂಬ ಸಗಣಿ, ಕೂದಲಲ್ಲಿ ಹುಲ್ಲು. ಆದರೆ ಅವಳು ಜರುಗಲೂ ಇಲ್ಲ. ಅತ್ತೆಯ ಎದುರು ಅವಳು ಹಾಗೆ ನಿಂತದ್ದನ್ನು ನೋಡಿ ನಾನು ಸೋಮಿಯ ಕಿವಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅಜ್ಜಿ ಬಯ್ಯುತ್ತಾರೆ ಅಂದುಕೊಂಡೆ. ಅವರು ಬಯ್ಯಲಿಲ್ಲ. ನಿಲ್ಲಲು ಆಗದೆ ಹೊಟ್ಟು ತುಂಬಿದ ಗೋಣಿಯ ಮೇಲೆ ಕೂತರು. ಎಲೆಯನ್ನು ಅಮ್ಮ ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ನಾನು ಒಳಗೆ ಇಟ್ಟು ಬಂದೆ. ಬರುವಷ್ಟರಲ್ಲಿ ಅಜ್ಜಿಯ ಬಲಗೈ ಸೋಮಿಯ ಪಕ್ಕೆಯ ಮೇಲಿತ್ತು. ಅಮ್ಮ ಅವರ ಕೈಯನ್ನು ಹಿಡಿದು ಆ ಕುಳಿಯಲ್ಲಿ ಇಟ್ಟು ತೋರಿಸುತ್ತಿದ್ದಳು.

“ಇಲ್ಲಿ ಒತ್ತಿ ಹಿಡ್ಕೊಳಿ ಅತ್ತೆ. ಒಳಗೆ ಏನಾದ್ರೂ ಹೊರಳಿದ್ರೆ ನಂಗೆ ಹೇಳಿ.”

ಅಜ್ಜಿ ಅಲ್ಲಿಂದ ಏಳಲಿಲ್ಲ. ಮಲಗುವ ಹೊತ್ತಾದರೂ ಒಳಗೆ ಬರಲೊಪ್ಪಲಿಲ್ಲ, ಅಪ್ಪಾಜಿ ಅಲ್ಲೇ ಹಾಸಿಗೆ ಹಾಸಿಕೊಟ್ಟರು. ಒಂದು ಕೈಯಲ್ಲಿ ಲಿಂಗ, ಒಂದು ಕೈ ಸೋಮಿಯ ಪಕ್ಕೆಯಲ್ಲಿ. ತುಟಿ ಅಲ್ಲಾಡುತ್ತಿತ್ತು. ಹಾಗೆ ಕೂತದ್ದರಿಂದ ಸೋಮಿಗೂ ಒತ್ತು ಸಿಕ್ಕಿತು, ಆ ಕಡೆಗೆ ಉರುಳಲಿಲ್ಲ. ಅಜ್ಜಿ ಪೂಜೆ ಮಾಡುತ್ತಿದ್ದರೋ ಹಸು ನೋಡಿಕೊಳ್ಳುತ್ತಿದ್ದರೋ ಅಂತ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಈಗಲೂ ನಾನು ಕಾಯಿಲೆಯವರ ಪಕ್ಕ ಕೂತಾಗ ಬೇರೆಯಾಗಿ ಜಪ ಮಾಡಲು ಹೋಗುವುದಿಲ್ಲ.

ಗುರುವಾರ ಬೆಳಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ ಅಜ್ಜಿ ಕೈಸನ್ನೆ ಮಾಡಿ ಕರೆದರು.

“ಮಂಗಳಾ, ಕೈ ಇಡು ಇಲ್ಲಿ.”

ಇಟ್ಟೆ. ಒಳಗೆ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ, ಏನೋ ನನ್ನ ಅಂಗೈಯನ್ನು ಮೆಲ್ಲಗೆ ಎತ್ತಿ ಇಳಿಸಿತು. ನಿಂತಿತು. ಮತ್ತೆ ಎತ್ತಿತು. ನಾನು ಅಮ್ಮನನ್ನು ಕೂಗಿದೆ. ಅಮ್ಮ ಬಿಸಿನೀರಿನ ಬಕೆಟ್ಟು ಹಿಡಿದುಕೊಂಡೇ ಬಂದಳು. ಮೂವರೂ ನೋಡುತ್ತಿದ್ದ ಹಾಗೇ ಸೋಮಿಯ ಕತ್ತಿನ ಬುಡದಿಂದ ಒಂದು ಉಂಡೆ ಚರ್ಮದ ಕೆಳಗೇ ಮೇಲಕ್ಕೆ ಓಡಿತು, ಅವಳ ದವಡೆ ಒಂದು ಪಕ್ಕಕ್ಕೆ ಸರಿಯಿತು. ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿದಳು. ಅಮ್ಮ ಬಕೆಟ್ಟನ್ನು ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

ಅಜ್ಜಿ ಪಕ್ಕದ ರಾಶಿಯಿಂದ ನಾಲ್ಕು ಎಳೆ ಒಣ ರಾಗಿ ಹುಲ್ಲು ಎಳೆದು ಮುಂದೆ ಹಿಡಿದರು. ಸೋಮಿ ಮೂಸಿದಳು, ಬಿಟ್ಟಳು, ಮತ್ತೆ ಮೂಸಿ ನಾಲಿಗೆಯಿಂದ ಎಳೆದುಕೊಂಡಳು. ಅಜ್ಜಿ ತಮ್ಮ ಖಾಲಿ ಕೈಯನ್ನು ನೋಡಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದರು. ಪೂಜೆ ನೇಮದ ವಿಷಯವಾಗಿ ಅವರು ಸೊಸೆಯನ್ನು ಏನಾದರೂ ಕೇಳಿದ್ದು ನನಗೆ ತಿಳಿದ ಹಾಗೆ ಅದೇ ಮೊದಲು.

“ಶಾಂತ, ಇದು ತುತ್ತಾಗತ್ತೇನೆ?”

“ಅದರ ಊಟ ಇದೇ ಅಲ್ವಾ ಅತ್ತೆ. ಅನ್ನ ನಮ್ಮ ಊಟ.”

ಅಜ್ಜಿ ಕಣ್ಣು ಮುಚ್ಚಿದರು. “ಶಿವನೇ,” ಅಂದರು. “ಗಂಜಿ ತಾ.”

ಎದ್ದು ಒಳಗೆ ಬರುವ ಶಕ್ತಿ ಅವರಿಗೆ ಇರಲಿಲ್ಲ. ಮುಖ ಕೈ ಕಾಲಿಗೆ ನೀರು ಹಾಕಿ ಅಲ್ಲೇ ಗೋಣಿಯ ಮೇಲೆ ಕೂರಿಸಿ, ವಿಭೂತಿ ಇಟ್ಟುಕೊಂಡು ಪೂಜೆ ಮುಗಿಸಲು ಬಿಟ್ಟು, ಅಮ್ಮ ನುಚ್ಚಿನ ಗಂಜಿ ತೆಳ್ಳಗೆ ಕಾಸಿ, ಉಪ್ಪು ಹಾಕಿ, ಬಟ್ಟಲಲ್ಲಿ ತಂದಳು. ಅಪ್ಪಾಜಿಯೂ ಬಂದು ಬಾಗಿಲಲ್ಲಿ ನಿಂತರು. ಅಮ್ಮ ಬಟ್ಟಲನ್ನು ಅಜ್ಜಿಯ ಕೈಗಿಟ್ಟು, ಸೋಮಿಯ ಕೆಳಗಿನ ಒದ್ದೆ ಹುಲ್ಲು ಬಾಚಲು ಬಗ್ಗಿದಳು. ಬಗ್ಗಿದವಳು ಏಳುವಾಗ ಕಂಬ ಹಿಡಿದುಕೊಂಡಳು. ಚಮಚೆಯನ್ನು ಬಾಯಿಯವರೆಗೆ ತಂದಿದ್ದ ಅಜ್ಜಿ ಅಲ್ಲೇ ನಿಲ್ಲಿಸಿ ಅವಳ ಮುಖ ನೋಡಿದರು. ಅಮ್ಮನ ತುಟಿ ಒಡೆದು ಬಿಳಿಚಿಕೊಂಡಿತ್ತು.

“ನೀನ್ಯಾವಾಗ ಉಂಡೆ?”

ಅಮ್ಮ ಹುಲ್ಲು ಬಾಚುತ್ತಲೇ ಇದ್ದಳು.

“ನಿನ್ನೇ ಕೇಳ್ತಿರೋದು. ಕಡೇಗೆ ಉಂಡಿದ್ಯಾವಾಗ?”

“ಸೋಮವಾರ.”

“ಸೋಮವಾರ ಸಂಜೆನಾ? ಯಾಕೆ?”

“ನೀವು ಉಂಡಿರ್ಲಿಲ್ವಲ್ಲ ಅತ್ತೆ.”

ಅಪ್ಪಾಜಿ ತಲೆ ತಗ್ಗಿಸಿದರು. ಎರಡು ದಿನವೂ ಅಮ್ಮ ಬಡಿಸಿದ್ದನ್ನು ಅವರೂ ಉಂಡಿದ್ದರು, ನಾನೂ ಉಂಡಿದ್ದೆ. ಅಮ್ಮ ಒಳಗೆಲ್ಲೋ ಉಂಡಿರುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಲ್ಲ, ನಾವು ಏನೂ ಅಂದುಕೊಂಡಿರಲಿಲ್ಲ.

“ಇಷ್ಟೆಲ್ಲ ಕೆಲ್ಸ ಮಾಡ್ಕೊಂಡು,” ಅಂದರು ಅಜ್ಜಿ. “ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ನನಗೋಸ್ಕರ ಹೋಗಿ ಸೋಮಿಗೆ ಅನ್ನ ಕೊಟ್ಬಿಡ್ತಿದ್ರಿ.”

ಅಜ್ಜಿ ಇಲ್ಲ ಅನ್ನಲಿಲ್ಲ. ಪಕ್ಕದ ಗೋಣಿಯನ್ನು ತಟ್ಟಿದರು. “ಕೂತ್ಕೋ.”

“ಕೈಯೆಲ್ಲ ಸಗಣಿ ಅತ್ತೆ. ನೀವು ಮೊದ್ಲು ಕುಡೀರಿ, ನಾನು ತೊಳ್ಕೊಂಡು—”

“ನಿನ್ ಕೈ ಯಾರಿಗ್ ಬೇಕು. ಬಾಯಿ ತೆಗಿ.”

ಅತ್ತೆಯ ಮುಂದೆ ಒಂದು ದಿನವೂ ಕೂತು ಉಂಡವಳಲ್ಲ ಅಮ್ಮ. ಸಗಣಿಯ ಕೈಗಳನ್ನು ಮೈಗೆ ತಗಲದಂತೆ ದೂರ ಹಿಡಿದುಕೊಂಡು ಗೋಣಿಯ ಅಂಚಿನಲ್ಲಿ ಕೂತಳು. ಬಾಯಿ ತೆಗೆದಳು. ಚಮಚೆಯಿಂದ ಸ್ವಲ್ಪ ಗಂಜಿ ಅಮ್ಮನ ಗಲ್ಲದ ಮೇಲೆ ಇಳಿಯಿತು. ಅದನ್ನು ತಮ್ಮ ಸೆರಗಿನಿಂದ ಒರೆಸಿ, ಅವಳು ನುಂಗಿದ್ದನ್ನು ನೋಡಿ, ಆಮೇಲೆ ಅಜ್ಜಿ ತಾವು ಉಂಡರು.